ಸಹಾಯ ಬೇಕು: ಯುವಿಬಿ (ನೇರಳಾತೀತ ಬೆಳಕಿನ ಚಿಕಿತ್ಸೆ) ನಡುವೆ ಅಸಿಟ್ರೆಟಿನ್ ಮಾತ್ರೆ ಸೇರಿಸಿದಾಗ ಬೆಳಕಿನ ಡೋಸ್ ಎಷ್ಟು ಇಳಿಸುತ್ತೀರಿ?

ಫೋಟೊಥೆರಪಿ (ಬೆಳಕಿನ ಚಿಕಿತ್ಸೆ) ನೋಡಿಕೊಳ್ಳುವ ಚರ್ಮವೈದ್ಯರು ದಯವಿಟ್ಟು ಹೇಳಿ. ರೋಗಿ ಗಂಡಸು, ಕಪ್ಪು ಮೈಬಣ್ಣ, ದಪ್ಪ ಪದರದ ಸೋರಿಯಾಸಿಸ್. 311 ನ್ಯಾನೋಮೀಟರ್ ನ್ಯಾರೋಬ್ಯಾಂಡ್ ಯುವಿಬಿ ವಾರಕ್ಕೆ 3 ಸಲ ನಡೀತಿದೆ, ಆದರೆ ಮೊಣಕಾಲು, ಸೊಂಟದ ಪದರ ಜಗ್ಗುತ್ತಿಲ್ಲ. ಸ್ಯಾಲಿಸಿಲಿಕ್ ಮುಲಾಮು ಬೆಳಕನ್ನು ತಡೆಯುತ್ತದೆ, ಹಾಗಾಗಿ ಚಿಕಿತ್ಸೆಗೆ ಮುಂಚೆ ಅದನ್ನು ಹಚ್ಚುವುದಿಲ್ಲ.

ದಿನಕ್ಕೆ 25 ಮಿ.ಗ್ರಾಂ. ಅಸಿಟ್ರೆಟಿನ್ ಸೇರಿಸುವ ಯೋಚನೆ. ಮಾತ್ರೆ ಮೊದಲು ಶುರುಮಾಡಿ ಎರಡು ವಾರ ಬಿಟ್ಟು ಬೆಳಕು ಕೊಡುವುದು ಸಲೀಸು. ನಡುವೆ ಸೇರಿಸಿದರೆ ಚರ್ಮ ತೆಳುವಾಗಿ, ನಿನ್ನೆವರೆಗೆ ತಡೆದುಕೊಂಡ ಡೋಸೇ ಸುಡುತ್ತದೆ. ಶೇ. 30ರಿಂದ 50 ಇಳಿಸಿ ಎಂಬುದು ರೂಢಿ. ಈ ಅಂತರ ಬಹಳ ದೊಡ್ಡದು. ನಮ್ಮ ಕಡೆಯ ಮೈಬಣ್ಣಕ್ಕೆ ಯಾವುದು ಸಾಕು? ಮಾತ್ರೆ ಶುರುವಾದ ದಿನವೇ ಇಳಿಸುತ್ತೀರೋ, ವಾರ ಕಳೆದ ಮೇಲೋ? ಕೆಂಪಾಗದಿದ್ದರೆ ಮತ್ತೆ ಸಲಕ್ಕೆ ಶೇ. 10 ಏರಿಸುತ್ತೀರೋ, 20 ಏರಿಸುತ್ತೀರೋ?

ಲಿವರ್ ಪರೀಕ್ಷೆ, ಉಪವಾಸದ ಟ್ರೈಗ್ಲಿಸರೈಡ್ ಎರಡೂ ಸರಿಯಿವೆ. ಸೈಕ್ಲೋಸ್ಪೊರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ) ಹೇಳಬೇಡಿ, ಬೆಳಕಿನ ಜೊತೆ ಚರ್ಮದ ಕ್ಯಾನ್ಸರ್ ಭಯ. (ಓದುವ ರೋಗಿಗಳಿಗೆ: ಅಸಿಟ್ರೆಟಿನ್ ನಿಲ್ಲಿಸಿದ ಮೇಲೂ ಹೆಣ್ಣುಮಕ್ಕಳು 3 ವರ್ಷ ಗರ್ಭ ಧರಿಸುವಂತಿಲ್ಲ, ತಾವಾಗಿ ತೆಗೆದುಕೊಳ್ಳಬೇಡಿ.)

ಮಾತ್ರೆಯಿಂದ ತುಟಿ ಒಡೆಯುವುದು ಜಾಸ್ತಿಯಾದರೆ ಅದನ್ನು 10 ಮಿ.ಗ್ರಾಂ.ಗೆ ಇಳಿಸಿಯೂ ಫಲ ಕಂಡವರಿದ್ದರೆ ಅದನ್ನೂ ಬರೆಯಿರಿ.