‘ದೀಮೊಸ್’ಗೆ ಪುರಸಭೆ ಎನ್ನಬಹುದೇ? (ಮರಾಥೋನ್ ಪ್ರಸಂಗ)

ಪ್ರಶ್ನೆ:

ಗ್ರೀಸಿನ ಮರಾಥೋನ್ ಕುರಿತ ಪರಿಚಯ ಬರಹವೊಂದು ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತಿದೆ. ಒಂದೇ ಪುಟದಲ್ಲಿ ಮುನಿಸಿಪಾಲಿಟಿ, ಮುನಿಸಿಪಲ್ ಯೂನಿಟ್, ಮುನಿಸಿಪಲ್ ಡಿಸ್ಟ್ರಿಕ್ಟ್, ಡೀಮ್ ಎಂಬ ನಾಲ್ಕು ಪದಗಳಿವೆ, ನಾಲ್ಕಕ್ಕೂ ಹೆಸರು ಮರಾಥೋನ್ ಎಂದೇ. ಪುರಸಭೆ, ವಾರ್ಡು, ಜಿಲ್ಲೆ, ಗ್ರಾಮ ಎಂದು ಹಾಕಿದರೆ ಸರಿಹೋದೀತೇ? ‘ಮರಾಥೋನಿಯೊಸ್’ ಎಂಬುದಕ್ಕೆ ಏನೆನ್ನೋಣ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:

ವಾರ್ಡು, ಜಿಲ್ಲೆ ಎರಡನ್ನೂ ಮೊದಲು ಕೈಬಿಡಿ. ‘ಮುನಿಸಿಪಲ್ ಡಿಸ್ಟ್ರಿಕ್ಟ್’ ಎಂದರೆ ಗ್ರೀಕಿನ ‘ದಿಮೊತಿಕೊ ದಿಯಾಮೆರಿಸ್ಮಾ’. ಅದು ಸ್ಥಳೀಯಾಡಳಿತವನ್ನು ಮರುವಿಂಗಡಿಸಿದ 1997ರ ಕಪೊದಿಸ್ತ್ರಿಯಾಸ್ ಕಾನೂನಿನ ಕೂಸು, 2010ರ ಕೊನೆಗೆ ರದ್ದಾಯಿತು. 2011ರ ಜನವರಿ 1ರಿಂದ ಜಾರಿಗೆ ಬಂದ ಕಲ್ಲಿಕ್ರಾತಿಸ್ ವ್ಯವಸ್ಥೆ ಸಾವಿರಕ್ಕೂ ಹೆಚ್ಚಿದ್ದ ಸ್ಥಳೀಯ ಸಂಸ್ಥೆಗಳನ್ನು 325 ದೀಮೊಸ್‌ಗಳಿಗೆ (ನಿಮ್ಮ ಪುಟದ ‘ಮುನಿಸಿಪಾಲಿಟಿ’) ಇಳಿಸಿತು. ಹಳೆಯ ದೀಮೊಸ್ ಹೊಸದರೊಳಗೆ ‘ದಿಮೊತಿಕಿ ಎನೊತಿತಾ’ (ಯೂನಿಟ್) ಆಯಿತು; ಹಳೆಯ ಡಿಸ್ಟ್ರಿಕ್ಟು ‘ಕಿನೊತಿತಾ’ (ಕಮ್ಯುನಿಟಿ) ಆಯಿತು. ಅಂದರೆ ಯೂನಿಟ್ಟೂ ಡಿಸ್ಟ್ರಿಕ್ಟೂ ಬೇರೆ ಬೇರೆ ಮೆಟ್ಟಿಲಿನವು. ನಿಮ್ಮ ಪುಟದಲ್ಲಿ ಎರಡೂ ಇದ್ದರೆ ಲೇಖಕರು 2011ರ ಹಿಂದಿನ, ಮುಂದಿನ ಆಕರಗಳನ್ನು ಬೆರೆಸಿದ್ದಾರೆ ಎಂದೇ ಲೆಕ್ಕ.

ಇಂದಿನ ಮರಾಥೋನ್ ದೀಮೊಸ್‌ನಲ್ಲಿ ನಾಲ್ಕು ಯೂನಿಟ್‌ಗಳು: ಮರಾಥೋನ್, ನೆಯಾ ಮಾಕ್ರಿ, ಗ್ರಮ್ಮತಿಕೊ, ವರ್ನಾವಾಸ್. ಊರು, ಹೊಲ, ಗುಡ್ಡ, ಕಡಲ ದಂಡೆ ಎಲ್ಲವೂ ಇದರೊಳಗೆ. ನಮ್ಮಲ್ಲಿ ಪುರಸಭೆ ಎಂದರೆ ಪಟ್ಟಣಕ್ಕೆ ಮಾತ್ರ, ಸುತ್ತಲ ಹಳ್ಳಿಗಳಿಗೆ ಗ್ರಾಮ ಪಂಚಾಯಿತಿ ಬೇರೆ. ಹಾಗಾಗಿ ‘ದೀಮೊಸ್’ ಎಂದೇ ಬರೆದು, ಮೊದಲ ಸಲ ‘ಊರುಕೇರಿಗಳೆಲ್ಲ ಸೇರಿದ ಸ್ಥಳೀಯಾಡಳಿತ ಘಟಕ’ ಎಂದು ವಿವರಿಸಿದರೆ ಸಾಕು. ಯೂನಿಟ್ಟಿಗೆ ‘ಹೋಬಳಿ’ ಎಂಬ ಆಸೆ ಹುಟ್ಟುತ್ತದೆ, ಏಕೆಂದರೆ ಎರಡಕ್ಕೂ ತಮ್ಮದೇ ಚುನಾಯಿತ ಮಂಡಳಿ ಇಲ್ಲ. ಆದರೆ ಹೋಬಳಿ ಕಂದಾಯ ಇಲಾಖೆಯದು. ‘ಉಪಘಟಕ’ ನೀರಸವಾದರೂ ತಪ್ಪಲ್ಲ.

ದೀಮೊಸ್‌ನ ಮುಖ್ಯಸ್ಥ ‘ದಿಮಾರ್ಖೊಸ್’ಗೆ ‘ಮೇಯರ್’ ಇರಲಿ. ‘ಅಧ್ಯಕ್ಷ’ ಎಂಬುದನ್ನು ಕಿನೊತಿತಾದ ‘ಪ್ರೊಎದ್ರೊಸ್’ಗೆ ಮೀಸಲಿಡಿ. ಎರಡಕ್ಕೂ ಒಂದೇ ಪದ ಹಾಕಿ ಕೆಟ್ಟ ಅನುವಾದಗಳು ಕಡಿಮೆಯಿಲ್ಲ.

ಇನ್ನು ಡೀಮ್. ದೀಮೊಸ್ ಪದದ್ದೇ ಪ್ರಾಚೀನ ಉಚ್ಚಾರ ‘ದೇಮೊಸ್’, ಅದರ ಇಂಗ್ಲಿಷ್ ರೂಪ ಡೀಮ್. ಕಾಗುಣಿತದಲ್ಲಿ ಈ ವ್ಯತ್ಯಾಸ ಉಳಿಸಿಕೊಂಡರೆ ಓದುಗನಿಗೆ ಕಾಲ ತಾನೇ ಗೊತ್ತಾಗುತ್ತದೆ. ಕ್ರಿ.ಪೂ. 508/507ರಲ್ಲಿ ಅಥೆನ್ಸಿನ ಸುಧಾರಕ ಕ್ಲೈಸ್ಥೆನೆಸ್ ಅತ್ತಿಕವನ್ನು (ಅಥೆನ್ಸ್ ಮತ್ತು ಸುತ್ತಲಿನ ನಾಡು) 139 ದೇಮೊಸ್‌ಗಳಾಗಿ ವಿಂಗಡಿಸಿದ. ಅಥೆನ್ಸಿನ ಐನೂರು ಮಂದಿಯ ಸಭೆಗೆ (ಬೂಲೇ) ಮರಾಥೋನ್ ಕಳಿಸುತ್ತಿದ್ದದ್ದು 10 ಜನರನ್ನು, ನೆರೆಯ ಒಯ್ನೊಎ 4, ತ್ರಿಕೊರಿಂಥೊಸ್ 3. ‘ಗ್ರಾಮ’ ಇಲ್ಲಿ ಅರ್ಧ ಸರಿ ಅಷ್ಟೆ. ಸದಸ್ಯತ್ವ ತಂದೆಯಿಂದ ಮಗನಿಗೆ ಬರುತ್ತಿತ್ತು. 18ಕ್ಕೆ ಕಾಲಿಟ್ಟಾಗ ದೇಮೊಸ್‌ನವರು ಮತ ಹಾಕಿ ಪಟ್ಟಿಗೆ ಸೇರಿಸುತ್ತಿದ್ದರು. ಆಮೇಲೆ ಅಥೆನ್ಸ್ ಪೇಟೆಯಲ್ಲೇ ನೆಲೆಸಿದರೂ ದೇಮೊಸ್ ಬದಲಾಗದು. ಮೂರು ತಲೆಮಾರಿನಿಂದ ಬೆಂಗಳೂರಲ್ಲಿದ್ದರೂ ಹೆಸರಿನ ಮುಂದೆ ಹಳ್ಳಿಯ ಇನಿಷಿಯಲ್ ಉಳಿದಿರುವ ಹಾಗೆ.

ಒಂದು ಅಪಾಯದ ಜಾಗವಿದೆ. ಶಾಸನಗಳಲ್ಲಿ ‘ಎದೊಕ್ಸೆ ತೇ ಬೂಲೇ ಕೈ ತೋ ದೇಮೋ’ ಎಂದು ಬಂದಾಗ ದೇಮೊಸ್ ಹಳ್ಳಿಯಲ್ಲ, ಇಡೀ ಅಥೆನ್ಸಿನ ಪ್ರಜಾಸಭೆ. ‘ಸಭೆಯೂ ಗ್ರಾಮವೂ ತೀರ್ಮಾನಿಸಿದವು’ ಎಂದರೆ ಆಭಾಸ.

ಉತ್ತರ 2:

ಮೇಲಿನದನ್ನು ಒಪ್ಪುತ್ತ ಕೆಲವು ಸೇರ್ಪಡೆ. ಇಂದಿನ ಮರಾಥೋನ್ ಊರು ಒಳನಾಡಿನ ಕಡೆಗಿದೆ. ಪ್ರಾಚೀನ ದೇಮೊಸ್‌ನ ನೆಲೆಯನ್ನು ಹಲವು ವಿದ್ವಾಂಸರು ಕಡಲಿಗೆ ಹತ್ತಿರದ ಪ್ಲಾಸಿಯಲ್ಲಿ ಗುರುತಿಸುತ್ತಾರೆ. ಆದ್ದರಿಂದ ‘ಈ ಊರಿನ ಹಳೆಯ ಹೆಸರು’ ಎಂಬಂಥ ವಾಕ್ಯ ಬೇಡ.

ಪರ್ಶಿಯನ್ನರ ಎದುರು ಕ್ರಿ.ಪೂ. 490ರಲ್ಲಿ ನಡೆದ ಮರಾಥೋನ್ ಯುದ್ಧದಲ್ಲಿ ಸತ್ತ 192 ಅಥೆನ್ಸಿಗರ ಸಮಾಧಿದಿಬ್ಬ ‘ಸೊರೊಸ್’ ಸುಮಾರು 9 ಮೀಟರ್ ಎತ್ತರ, 50 ಮೀಟರ್ ವ್ಯಾಸದ ಮಣ್ಣಿನ ಗುಡ್ಡೆ. ಅಲ್ಲಿದ್ದ ಕಲ್ಲುಗಳಲ್ಲಿ ಸತ್ತವರ ಹೆಸರುಗಳು ‘ಫೂಲೆ’ ಪ್ರಕಾರ ಕೆತ್ತಿದ್ದವೆಂದು ಪ್ರಾಚೀನ ಪ್ರವಾಸಿ ಲೇಖಕ ಪೌಸಾನಿಯಾಸ್ ಬರೆದಿದ್ದಾನೆ. ಫೂಲೆಗೆ ಇಂಗ್ಲಿಷಿನಲ್ಲಿರುವ ‘ಟ್ರೈಬ್’ ನೋಡಿ ‘ಬುಡಕಟ್ಟು’ ಎನ್ನಬೇಡಿ. ಕ್ಲೈಸ್ಥೆನೆಸನ ಹತ್ತು ಫೂಲೆಗಳು ಕಡಲತಡಿ, ಒಳನಾಡು, ಪೇಟೆಗಳಿಂದ ಒಂದೊಂದು ಪಾಲು ತೆಗೆದು ಜೋಡಿಸಿದ ಕೃತಕ ವಿಭಾಗಗಳು. ಹಳೆಯ ನಾಲ್ಕೂರ ಕೂಟದ ಮರಾಥೋನ್, ಒಯ್ನೊಎ, ತ್ರಿಕೊರಿಂಥೊಸ್ ಅಯಾಂತಿಸ್ ಫೂಲೆಗೆ ಸೇರಿದರೆ, ಪಕ್ಕದ ಪ್ರೊಬಾಲಿಂಥೊಸ್ ಪಾಂದಿಯೊನಿಸ್‌ಗೆ ಹೋಯಿತು. ರಕ್ತಸಂಬಂಧದ ‘ಬುಡಕಟ್ಟು’ ಇದನ್ನು ಹೇಗೂ ವಿವರಿಸಲಾರದು. ‘ಗಣ’ ಎನ್ನಬಹುದು, ನನ್ನ ಮತ ‘ಫೂಲೆ’ಗೇ.

‘ಮರಾಥೋನಿಯೊಸ್’ ಎಂದರೆ ಮರಾಥೋನ್ ದೇಮೊಸ್‌ಗೆ ಸೇರಿದವನು. ಕ್ರಿ.ಶ. 2ನೇ ಶತಮಾನದ ಸಿರಿವಂತ ವಾಗ್ಮಿ ಹೆರೋದೆಸ್ ಅತ್ತಿಕಸ್‌ನ ಹೆಸರಿಗೂ ಈ ಪದ ಅಂಟಿಕೊಂಡಿದೆ. ‘ಮರಾಥೋನ್‌ನ ಹೆರೋದೆಸ್’ ಎಂದರೆ ಸಾಕು. ಊರಿಗೆ ‘ಮರಾಥೋನ್’, ಓಟಕ್ಕೆ ‘ಮ್ಯಾರಥಾನ್’ ಎಂದು ಎರಡು ಕಾಗುಣಿತ ಇಟ್ಟುಕೊಳ್ಳಿ. ಇಲ್ಲದಿದ್ದರೆ ಯಾರಾದರೂ ಅವನನ್ನು ಓಟಗಾರನನ್ನಾಗಿ ಮಾಡಿಬಿಟ್ಟಾರು.