ಇಳಕಲ್ ಸೀರೆ ವೆಬ್‌ಸೈಟ್: ಗೂಗಲ್‌ನಲ್ಲಿ ಮೇಲೆ ಬರಲು ಏನು ಬರೆಯಬೇಕು?

ಮಗ್ಗದ_ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್. ಮಾವನವರು ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ, ಮಾರಾಟ ನಾನು ನೋಡಿಕೊಳ್ಳುತ್ತೇನೆ. ನಮ್ಮ ಅಂಗಡಿ ಹೆಸರು ಹಾಕಿ ಹುಡುಕಿದರೆ ವೆಬ್‌ಸೈಟ್ ಸಿಗುತ್ತದೆ. ಆದರೆ ‘ಇಳಕಲ್ ಸೀರೆ’ ಅಂತ ಹುಡುಕಿದರೆ ಬರೀ ದೊಡ್ಡ ಶಾಪಿಂಗ್ ಸೈಟ್‌ಗಳೇ.

ಎಸ್‌ಇಒ (ವೆಬ್‌ಸೈಟನ್ನು ಹುಡುಕಾಟದಲ್ಲಿ ಮೇಲೆ ತರುವ ಕೆಲಸ) ಮಾಡುವವರೊಬ್ಬರು ಹೇಳಿದ್ದು ಇಷ್ಟು: ಪ್ರತಿ ಪುಟದಲ್ಲೂ ಆ ಪದ ಇಪ್ಪತ್ತು ಸಲ ಬರಬೇಕು, ಕೆಳಗೆ ಕಾಣದ ಹಾಗೆ ಬಿಳಿ ಅಕ್ಷರದಲ್ಲಿ ಕೀವರ್ಡ್ (ಜನ ಹುಡುಕುವ ಪದಗಳು) ತುಂಬಬೇಕು, ದಿನಕ್ಕೊಂದು ಲೇಖನ ಹಾಕಬೇಕು. ಈಗ ನಮ್ಮ ಸೀರೆ ಪುಟಗಳಲ್ಲಿ ಫೋಟೊ, ಬೆಲೆ, ‘ಎಲ್ಲ ಸಮಾರಂಭಕ್ಕೂ ಸೂಕ್ತ’ ಅನ್ನುವ ಒಂದು ಸಾಲು ಇದೆ, ಅಷ್ಟೇ. ದುಡ್ಡು ಕೊಡುವ ಮೊದಲು ತಿಳಿದವರು ಹೇಳಿ.

ಪುಟ_ತಿದ್ದುವವ:
ಮೇಡಂ, ದಯವಿಟ್ಟು ಕೊಡಬೇಡಿ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ಒಂದೇ ಪದ ತುರುಕುವುದು, ಇವೆರಡನ್ನೂ ಗೂಗಲ್ ಸ್ಪ್ಯಾಮ್ ಅಂತಲೇ ಪಟ್ಟಿ ಮಾಡಿದೆ. ಸಿಕ್ಕಿಬಿದ್ದರೆ ಈಗ ಇರುವ ಜಾಗವೂ ಹೋಗಬಹುದು. ಮೆಟಾ ಕೀವರ್ಡ್ ಟ್ಯಾಗ್ (ಪುಟದ ಕೋಡ್‌ನಲ್ಲಿ ಬರೆಯುವ ಪದಗಳ ಪಟ್ಟಿ) ಅಂತ ಹೇಳಿದರೆ ಅದಕ್ಕೂ ದುಡ್ಡು ಕೊಡಬೇಡಿ. ರ್‍ಯಾಂಕಿಂಗ್‌ಗೆ ಅದನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ದಿನಕ್ಕೊಂದು ಲೇಖನವೂ ಬೇಡ. ಗೂಗಲ್ ತನ್ನ ಹುಡುಕಾಟದಲ್ಲಿ ಮಾಡಿದ ಬದಲಾವಣೆ, 2011ರ ಪಾಂಡಾ ಅಪ್‌ಡೇಟ್, ಬಂದಿದ್ದೇ ಸುಮ್ನೆ ರಾಶಿ ಹಾಕಿದ ಟೊಳ್ಳು ಬರಹವನ್ನು ಕೆಳಗಿಳಿಸಲು.

ಒಂದು ಮಾತು ಕೇಳುತ್ತೇನೆ. ಫೋನ್ ಮಾಡುವ ಗಿರಾಕಿಗಳು ನಿಮ್ಮನ್ನು ಏನು ಕೇಳುತ್ತಾರೆ? ಕೈಮಗ್ಗದ್ದಾ, ಪವರ್‌ಲೂಮಾ? ಸೆರಗು ರೇಷ್ಮೆಯಾ? ಕೆಂಪು ಬಣ್ಣ ಬಿಡುತ್ತಾ? ಮನೆಯಲ್ಲೇ ಒಗೆಯಬಹುದಾ? ನಿಮ್ಮ ಪುಟದಲ್ಲಿ ಇರಬೇಕಾದದ್ದು ಈ ಉತ್ತರಗಳು. ಜನ ಗೂಗಲ್‌ನಲ್ಲಿ ಟೈಪ್ ಮಾಡುವುದೂ ಇವನ್ನೇ.

ಒಡಲಿನ ಹಾಸು ಎಳೆಗೆ (ಉದ್ದದ ದಾರಕ್ಕೆ) ಸೆರಗಿನ ಹಾಸು ಎಳೆ ಸೇರಿಸುವ ಕೊಂಡಿ ಕೆಲಸ ಇದೆಯಲ್ಲ, ಅದಕ್ಕೇ ಒಂದು ಪೂರ್ತಿ ಪುಟ ಮಾಡಿ. ಮಾವನವರು ಕೊಂಡಿ ಹಾಕುವಾಗ ಹಂತ ಹಂತವಾಗಿ ಫೋಟೊ ತೆಗೆಯಿರಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆಯಿರಿ. ಸೆರಗಿನ ವಿನ್ಯಾಸದಲ್ಲಿ ಟೋಪಿ ತೆನಿ ಅಂದರೆ ಯಾವುದು, ಅಂಚಿನಲ್ಲಿ ಗೋಮಿ ದಡಿಗೂ ಗಾಡಿ ದಡಿಗೂ ಏನು ವ್ಯತ್ಯಾಸ ಅಂತ ಹತ್ತಿರದ ಫೋಟೊ ಇಟ್ಟು ತೋರಿಸಿ. ದೊಡ್ಡ ಸೈಟ್‌ಗಳು ಎಷ್ಟು ದುಡ್ಡು ಸುರಿದರೂ ಇದನ್ನು ಬರೆಯಲಾರವು, ಅವರ ಮನೆಯಲ್ಲಿ ಮಗ್ಗ ಇಲ್ಲ. ‘ಇಳಕಲ್ ಸೀರೆ’ ಅನ್ನುವ ಒಂದೇ ಪದಕ್ಕೆ ಅವರ ಜೊತೆ ಗುದ್ದಾಡುವ ಬದಲು ಇಲ್ಲಿ ಗೆಲ್ಲಿ.

ಪುಟದ ಶೀರ್ಷಿಕೆ ಒಂದೊಂದಕ್ಕೂ ಬೇರೆ ಇರಲಿ. ‘ಪ್ರಾಡಕ್ಟ್ 14’ ಬೇಡ. ‘ಕಾಟನ್ ಒಡಲು, ರೇಷ್ಮೆ ಸೆರಗಿನ ಇಳಕಲ್ ಸೀರೆ’ ಅಂತ ಬರೆದರೆ ಗೂಗಲ್‌ಗೂ ತಿಳಿಯುತ್ತದೆ, ಓದುವವರಿಗೂ ತಿಳಿಯುತ್ತದೆ. ಫೋಟೊಗಳ ಆಲ್ಟ್ ಟೆಕ್ಸ್ಟ್‌ಗೂ (ಫೋಟೊದಲ್ಲಿ ಏನಿದೆ ಅಂತ ಅದರ ಜೊತೆ ಬರೆಯುವ ವಿವರ) ಇದೇ ಮಾತು. ಎಷ್ಟು ಪದ ಬರೆಯಬೇಕು ಅನ್ನುವ ಲೆಕ್ಕವನ್ನು ಗೂಗಲ್ ಇಟ್ಟಿಲ್ಲ.

ನುಡಿ_ಯುನಿಕೋಡ್:
ಇನ್ನೊಂದು ಸಣ್ಣ ವಿಷಯ. ನಿಮ್ಮ ‘ನಮ್ಮ ಬಗ್ಗೆ’ ಪುಟದ ಕನ್ನಡವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ಅದು ಹಳೆಯ ಆಸ್ಕಿ ಫಾಂಟ್. ಕಣ್ಣಿಗೆ ಕನ್ನಡ, ಗೂಗಲ್‌ಗೆ ಬರೀ ಗೊಂದಲ. ಯುನಿಕೋಡ್‌ಗೆ, ಅಂದರೆ ಕಂಪ್ಯೂಟರ್‌ಗೂ ಕನ್ನಡ ಅಂತಲೇ ತಿಳಿಯುವ ಅಕ್ಷರಕ್ಕೆ, ಬದಲಿಸಿ. ಪಾಂಪ್ಲೆಟ್ಟಿನ ಚಿತ್ರವನ್ನೇ ಹಾಕಿದ್ದರೆ ಅದರಲ್ಲಿರುವುದನ್ನೂ ಟೈಪ್ ಮಾಡಿ ಹಾಕಿ.

ಮಗ್ಗದ_ಮನೆ:
ನೋಡಿದೆ ಸರ್, ಇಂಗ್ಲಿಷ್ ಅಕ್ಷರಗಳೇ ಬಂದವು! ಇವತ್ತೇ ಬದಲಿಸಲು ಹೇಳುತ್ತೇನೆ. ಕೊಂಡಿ ಪುಟ ಕನ್ನಡದಲ್ಲಿ ಬರೆಯಲಾ, ಇಂಗ್ಲಿಷ್‌ನಲ್ಲಾ?

ಪುಟ_ತಿದ್ದುವವ:
ಎರಡರಲ್ಲೂ, ಆದರೆ ಬೇರೆ ಬೇರೆ ಪುಟ. ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಡಿ. ನಮ್ಮವರೇ ಎಷ್ಟೋ ಜನ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ ಅಲ್ವಾ? ಕೊಂಡಿ, ಟೋಪಿ ತೆನಿ ಅನ್ನುವ ಹೆಸರುಗಳನ್ನು ಇಂಗ್ಲಿಷ್ ಪುಟದಲ್ಲಿ ಹಾಗೇ ಉಳಿಸಿ.

ಗೂಗಲ್‌ನ ಸರ್ಚ್ ಕನ್ಸೋಲ್ ಅನ್ನುವ ಸಾಧನ ಉಚಿತ, ಇವತ್ತೇ ಸೈಟ್‌ಗೆ ಜೋಡಿಸಿಕೊಳ್ಳಿ. ಜನ ಏನು ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಅಂತ 16 ತಿಂಗಳವರೆಗಿನ ಲೆಕ್ಕ ಅಲ್ಲಿ ಸಿಗುತ್ತದೆ. ಜಾಸ್ತಿ ಸಲ ಕಂಡರೂ ಯಾರೂ ಒತ್ತದ ಪುಟ ಇದ್ದರೆ ಮೊದಲು ಅದರ ಶೀರ್ಷಿಕೆ ತಿದ್ದಿ. ಫಲ ಕಾಣಲು ಕೆಲವು ತಿಂಗಳು ಹಿಡಿಯಬಹುದು. ಕೊಂಡಿ ಪುಟ ಬರೆದ ಮೇಲೆ ಲಿಂಕ್ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.