ಸಹಾಯ ಬೇಕು: ಮಗಳ ಚಷ್ಮಾ ನಂಬರ್ ಏರಕೋತೇ ಹೊಂಟದ

ಅಣ್ಣಾರ, ಅಕ್ಕಾರ, ನಮಸ್ಕಾರ್ರಿ. ನಾವು ಕಲಬುರಗಿಯವ್ರು. ಮೂರನೇ ಕ್ಲಾಸಿನ ಮಗಳ ನಂಬರ್ ಒಂದೇ ವರ್ಷದಾಗ ಮೈನಸ್ 1ರಿಂದ 2.25ಕ್ಕ ಬಂದದ. ನಮ್ಮಿಬ್ಬರಿಗೂ ಚಷ್ಮಾ, ಮ್ಯಾಲ ನಾನು ಸೋದರಮಾವನ್ನೇ ಮದುವಿ ಆದಾಕಿ. ಅತ್ತಿ (ಅಂದ್ರ ನನ್ನ ಸ್ವಂತ ಅಜ್ಜಿ!) "ರಕ್ತದಾಗ ಬಂದದ, ಬಿಡು" ಅಂತಾಳ.

ನನಗ ಅಷ್ಟಕ್ಕ ಬಿಡಾಕ ಮನಸಿಲ್ಲ. ಚೀನಾದ ಗುವಾಂಗ್‌ಝೌ ಶಾಲೆಗಳಾಗ ದಿನಾ 40 ನಿಮಿಷ ಹೆಚ್ಚಿಗಿ ಬಯಲಿಗೆ ಬಿಟ್ಟ ಮಕ್ಕಳಾಗ 3 ವರ್ಷದೊಳಗ ಸಮೀಪದೃಷ್ಟಿ (ದೂರದ್ದು ಮಸುಕು ಕಾಣೋ ಮೈನಸ್ ನಂಬರ್) ಬಂದದ್ದು ಸುಮಾರು 30%, ಉಳಿದ ಶಾಲೆಗಳಾಗ 40%ರ ಸನೇಕ ಅಂತ 2015ರಾಗ ಪ್ರಕಟ ಆಗ್ಯದ. ಆದ್ರ ಅದು ಹೊಸದಾಗಿ ಬರೋದರ ಲೆಕ್ಕ, ಬಂದ ನಂಬರ್ ಏರೋದರದ್ದಲ್ಲ. ಅಂದ್ರ ಅದು ನಮ್ಮ 5 ವರ್ಷದ ಸಣ್ಣವನಿಗೆ ಲಾಗೂ. ಮೇ ತಿಂಗಳ ಬಿಸಲಾಗ ಅವನ್ನ ಎಲ್ಲಿ ಬಿಡಲಿ? ಸಂಜಿ 6ಕ್ಕ ನಮ್ಮೂರ 'ಅಪ್ಪನ ಕೆರಿ' ದಂಡಿಗೆ ಕರ್ಕೊಂಡು ಹೋದ್ರ ಆ ಬೆಳಕು ಸಾಲ್ತದೇನು?

ಮಗಳಿಗೆ ಅಂಗಡ್ಯಾಗ ಬರೀ ಕಂಪ್ಯೂಟರ್ ಚೆಕ್ ಮಾಡ್ಯಾರ, ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕಿಲ್ಲ. ಮಕ್ಕಳ ಕಣ್ಣಿನ ಡಾಕ್ಟರ್ ಯಾರು ಛಲೋ, ಹೇಳ್ರಿ. ನಂಬರ್ ಏರೋದು ನಿಧಾನ ಆಗಲಿ ಅಂತ ಹಾಕೋ ಅಟ್ರೋಪಿನ್ 0.01% ಡ್ರಾಪ್ಸ್ ಮಕ್ಕಳಿಗೆ ಹಾಕಿದವ್ರು ಇದ್ರ ಎಷ್ಟು ದಿನ ಹಾಕಿದ್ರಿ, ಬಿಟ್ಟ ಮ್ಯಾಲ ನಂಬರ್ ಮತ್ತ ಏರ್ತೇನು? ಸಂಬಂಧದಾಗ ಮದುವಿ ಆದವ್ರಿಗೆ ಜೆನೆಟಿಕ್ ಸಲಹೆ ಇಲ್ಲೇ ಸಿಗ್ತದೋ, ಹೈದರಾಬಾದಿಗೇ ಹೋಗಬೇಕೋ?